ಸುಳ್ಳು ಹೇಳುವ ನಗೆ



ಕನ್ನಡದ ಹಾಸ್ಯವನ್ನು ಕುರಿತು ಮಾತಾಡಬೇಕೆಂದು ನನ್ನನ್ನು ಕೇಳಿದ್ದೀರಿ. ಕೈಲಾಸಂ, ರಾಶಿ, ಬೀಚಿಯವರ ಬಗ್ಗೆ ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾನು ಇಂದು ಎತ್ತಿಕೊಳ್ಳುವುದು ಅದೇ ಹಾಸ್ಯದ ಇನ್ನೊಂದು ಮಗ್ಗುಲನ್ನು. ದಪ್ಪ ದೇಹದವರನ್ನು, ಅಂಗವೈಕಲ್ಯ ಇರುವವರನ್ನು ನೋಡಿ ನಾವು ನಗುತ್ತೇವಲ್ಲ, ಆ ನಗೆಯ ವಿಚಾರ. ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ನಗುವ ನಗೆ, ವೇದಿಕೆಯ ಮೇಲೆ ದುಡ್ಡು ಕೊಟ್ಟು ನಗುವ ನಗೆ ಎರಡೂ ನನ್ನ ಲೆಕ್ಕದಲ್ಲಿ ಒಂದೇ. ಒಂದರಿಂದ ಇನ್ನೊಂದು ಬದುಕುತ್ತದೆ.

ಬೆಂಗಳೂರಿನ ನಮ್ಮ ಬಡಾವಣೆಗಳ ಯಾವ ಛತ್ರಕ್ಕೆ ಬೇಕಾದರೂ ಮದುವೆಗೆ ಹೋಗಿ ನೋಡಿ. ಸ್ವಲ್ಪ ದಪ್ಪಗಿರುವ ಹೆಣ್ಣುಮಗಳು ಒಳಗೆ ಕಾಲಿಟ್ಟರೆ ಹತ್ತಿರದ ನೆಂಟರ ಬಾಯಿಂದ ಬರುವ ಮೊದಲ ಮಾತು, "ಏನೇ, ಇನ್ನೂ ದಪ್ಪ ಆಗ್ಬಿಟ್ಟಿದೀಯಲ್ಲೇ!" ಚೆನ್ನಾಗಿದ್ದೀಯಾ ಎಂಬುದು ಆಮೇಲೆ. ಊಟಕ್ಕೆ ಕೂತಾಗ ಪಕ್ಕದೆಲೆಯ ದೊಡ್ಡಮ್ಮ, "ಅವಳಿಗೆ ಹೋಳಿಗೆ ಒಂದೇ ಹಾಕಿ" ಎಂದು ಬಡಿಸುವವರಿಗೆ ಕೂಗಿ ಹೇಳುತ್ತಾರೆ. ಸಾಲಿನವರೆಲ್ಲ ನಗುತ್ತಾರೆ. ಆ ಹುಡುಗಿಯೂ ನಗುತ್ತಾಳೆ. ನಗದೆ ಕೂತರೆ, "ಅವಳಿಗೆ ಒಂದು ತಮಾಷೆ ಮಾಡೋ ಹಾಗಿಲ್ಲಪ್ಪ" ಎಂಬ ಮಾತನ್ನೂ ಹೊರಬೇಕಾಗುತ್ತದೆ ಎಂದು ಅವಳಿಗೆ ಗೊತ್ತು. ಅದೇ ಛತ್ರದ ಊಟದ ಹಾಲು ಎಷ್ಟೋ ಕಡೆ ನೆಲಮಾಳಿಗೆಯಲ್ಲಿರುತ್ತದೆ. ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು ಬಂದ ಚಿಕ್ಕಪ್ಪನಿಗೆ, "ನೀವ್ಯಾಕೆ ಇಳಿಯೋಕೆ ಹೋಗ್ತೀರಿ, ಇಲ್ಲೇ ತಂದುಕೊಡ್ತೀವಿ" ಎನ್ನುತ್ತಾರೆ. ಪ್ರೀತಿಯಿಂದ ಹೇಳಿದ ಮಾತೇ ಇರಬಹುದು. ಅವರಿಗೆ ಸಿಗುವುದು ಮಾತ್ರ ಪಂಕ್ತಿಯಿಂದ ಹೊರಗೆ, ಖಾಲಿ ಮಂಟಪದ ಎದುರು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ತಟ್ಟೆ. ಪಂಕ್ತಿಯಿಂದ ಹೊರಗೆ ಕೂರಿಸುವುದು ಅಂದರೆ ಏನೆಂದು ಕನ್ನಡ ನಾಡಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಇಬ್ಬರನ್ನೂ ಒಂದೇ ಉಪನ್ಯಾಸದಲ್ಲಿ ಯಾಕೆ ಸೇರಿಸಿದೆ ಎಂದು ನೀವು ಕೇಳಬಹುದು. ದಪ್ಪಗಿರುವುದು ಅಂಗವೈಕಲ್ಯವಲ್ಲ, ಅಂಗವೈಕಲ್ಯ ರೋಗವಲ್ಲ. ಆದರೆ ಇಬ್ಬರ ಮೈಯನ್ನೂ ಸಮಾಜ ಓದುವ ರೀತಿ ಒಂದೇ. ಮೈಯನ್ನು ನೋಡಿ ತಪ್ಪಿನ ಲೆಕ್ಕ ಹಾಕುವುದು. ದಪ್ಪಗಿದ್ದವರಿಗೆ ಈ ಜನ್ಮದ ತಪ್ಪು: ತಿಂದರು, ಮಲಗಿದರು, ಬೆಳೆದರು. ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ ಹಿಂದಿನ ಜನ್ಮದ ತಪ್ಪು: ಏನು ಕರ್ಮ ಮಾಡಿದ್ದರೋ, ಅನುಭವಿಸುತ್ತಿದ್ದಾರೆ. ತಪ್ಪು ಅವರದೇ ಎಂದು ಒಮ್ಮೆ ತೀರ್ಮಾನವಾದ ಮೇಲೆ ನಗುವುದಕ್ಕೆ ಅಡ್ಡಿಯೇನು?

ನನ್ನ ಮಾತಿನ ತಿರುಳನ್ನು ಈಗಲೇ ಹೇಳಿಬಿಡುತ್ತೇನೆ. ಹಾಸ್ಯದ ಕೆಲಸ ಸುಳ್ಳನ್ನು ಬಯಲು ಮಾಡುವುದು. ದೊಡ್ಡಸ್ತಿಕೆಯ ಸುಳ್ಳು, ಭಕ್ತಿಯ ಸುಳ್ಳು, ಅಧಿಕಾರದ ಸುಳ್ಳು. ಮೈಯನ್ನು ನೋಡಿ ನಗಿಸುವ ಹಾಸ್ಯ ಇದಕ್ಕೆ ತೀರಾ ವಿರುದ್ಧವಾದದ್ದನ್ನು ಮಾಡುತ್ತದೆ. ಅದು ತಾನೇ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ಕೇಳಿದವರು ನಂಬುತ್ತಾರೆ. ನಂಬಿದವರಲ್ಲಿ ಡಾಕ್ಟರಿದ್ದಾರೆ, ಕೆಲಸ ಕೊಡುವವರಿದ್ದಾರೆ, ಹೆಣ್ಣು ಗಂಡು ನೋಡುವವರಿದ್ದಾರೆ, ಬಸ್ ಕಂಡಕ್ಟರ್ ಇದ್ದಾರೆ.

ದಪ್ಪಗಿರುವವರ ಬಗೆಗಿನ ಸುಳ್ಳಿನಿಂದ ಶುರುಮಾಡೋಣ. ನಗೆನಾಟಕದ ದಪ್ಪ ಪಾತ್ರ ಯಾವಾಗಲೂ ತಿನ್ನುತ್ತಿರುತ್ತದೆ. ಕೈಯಲ್ಲಿ ಬೋಂಡ, ಬಾಯಲ್ಲಿ ಜಾಮೂನು, ಕೂತರೆ ಏಳಲಾರದು. ನಿಜಜೀವನದಲ್ಲಿ ದಪ್ಪಗಿರುವ ಹೆಣ್ಣುಮಕ್ಕಳಷ್ಟು ತುತ್ತಿನ ಲೆಕ್ಕ ಇಡುವವರನ್ನು ನಾನು ಕಂಡಿಲ್ಲ. ರಾತ್ರಿ ಅನ್ನ ಬಿಟ್ಟು ವರ್ಷಗಳಾಗಿರುತ್ತವೆ. ಬೆಳಗೆದ್ದು ಜೀರಿಗೆ ನೀರು, ಮೆಂತ್ಯದ ನೀರು, ಯಾರೋ ಹೇಳಿದರೆಂದು ಇನ್ನೊಂದು ಪುಡಿ. ಥೈರಾಯ್ಡ್, ಪಿಸಿಒಡಿ, ಸ್ಟಿರಾಯ್ಡ್ ಮಾತ್ರೆ, ಹೆರಿಗೆ, ತಂದೆತಾಯಿಯಿಂದ ಬಂದ ಮೈಕಟ್ಟು, ನಿದ್ದೆಗೆಡಿಸುವ ಪಾಳಿ ಕೆಲಸ, ನಡೆಯಲು ಜಾಗವಿಲ್ಲದ ಬೀದಿ ಇವೆಲ್ಲವೂ ಸೇರಿ ತೂಕವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲೂ ಗಂಡಸರಲ್ಲೂ ಶೇ. 30ರಷ್ಟು ಮಂದಿ ಅಧಿಕ ತೂಕದವರು. ಅಂದರೆ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು. ಇಷ್ಟು ಜನ ಒಟ್ಟಿಗೆ ಸೋಮಾರಿಗಳಾದರು ಎಂದು ಹೇಳುವುದಕ್ಕಿಂತ ನಾವು ಬದುಕುವ ರೀತಿ ಬದಲಾಗಿದೆ ಎನ್ನುವುದು ಸತ್ಯಕ್ಕೆ ಹತ್ತಿರ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಒಮ್ಮತದ ಹೇಳಿಕೆ ಪ್ರಕಟಿಸಿದರು. ತೂಕವೆಂಬುದು ಬರೀ ಮನಸ್ಸಿನ ಗಟ್ಟಿತನಕ್ಕೆ ಸಂಬಂಧಿಸಿದ್ದು ಎಂಬ ನಂಬಿಕೆ ವಿಜ್ಞಾನಕ್ಕೆ ಹೊಂದುವುದಿಲ್ಲ, ಹೀಯಾಳಿಕೆಯಿಂದ ಆರೋಗ್ಯ ಕೆಡುತ್ತದೆ ಎಂಬುದು ಅದರ ಸಾರ. "ಅವಳ ಒಳ್ಳೇದಕ್ಕೇ ಹೇಳ್ತೀವಿ" ಎನ್ನುವ ದೊಡ್ಡಮ್ಮಂದಿರು ಇದನ್ನು ತಿಳಿಯಬೇಕು. ಹಂಗಿಸಿದ ಮಾತಿನಿಂದ ಯಾರೂ ಸಣ್ಣಗಾಗುವುದಿಲ್ಲ. ಹಂಗಿಸಿಕೊಂಡವರು ಡಾಕ್ಟರ ಬಳಿ ಹೋಗುವುದನ್ನೇ ಬಿಡುತ್ತಾರೆ. ಎದೆನೋವೆಂದು ಹೋದರೂ, ಮಂಡಿನೋವೆಂದು ಹೋದರೂ, ಮುಟ್ಟಿ ನೋಡುವ ಮೊದಲೇ "ತೂಕ ಇಳಿಸಿ" ಎಂಬ ಒಂದೇ ಉತ್ತರ ಎಂದು ಅವರಿಗೆ ಅನುಭವವಾಗಿರುತ್ತದೆ.

ಈ ಸುಳ್ಳು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 2022ರ ಮೇ 16. ನಮ್ಮ ರಾಜಾಜಿನಗರದ ನವರಂಗ್ ಬಳಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆಂದು ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದ ಹುಡುಗಿ. ವಯಸ್ಸು 21. ಮನೆಯಲ್ಲಿ ಹೇಳದೆ ಹೋಗಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಚಿಕಿತ್ಸೆಯಲ್ಲಿ ಯಾರ ತಪ್ಪೆಷ್ಟು ಎಂಬುದನ್ನು ತೀರ್ಮಾನಿಸಬೇಕಾದವರು ಬೇರೆ ಇದ್ದಾರೆ, ಅದು ಈ ವೇದಿಕೆಯ ಕೆಲಸವಲ್ಲ. ನನ್ನನ್ನು ಕಾಡುವುದು ಅದಕ್ಕೂ ಹಿಂದಿನ ಪ್ರಶ್ನೆ. ಪರದೆಯ ಮೇಲೆ ನೋಡಿದವರಾರಿಗೂ ಆಕೆ ದಪ್ಪ ಎಂದು ತೋರಿರಲಿಕ್ಕಿಲ್ಲ. ಹಾಗಿದ್ದರೂ 21 ವರ್ಷದ ಹುಡುಗಿಗೆ ತನ್ನ ಮೈ ಸಾಲದು ಎನ್ನಿಸುವ ಹಾಗೆ ಮಾಡಿದ್ದು ಏನು? ಒಬ್ಬ ವ್ಯಕ್ತಿಯನ್ನು ತೋರಿಸಿ ಇವರಿಂದ ಎನ್ನಲಾಗದು. ಕ್ಯಾಮೆರಾ ಮುಂದೆ ನಿಂತ ಹೆಣ್ಣಿನ ಸೊಂಟ ಅಳೆಯುವ ಉದ್ಯಮ, ಅವಳ ಫೋಟೋದ ಕೆಳಗೆ ಬರುವ ಮಾತುಗಳು, ಹಾಸ್ಯದ ಕಾರ್ಯಕ್ರಮಗಳು, ಛತ್ರದ ಊಟದ ಸಾಲು ಎಲ್ಲವೂ ಒಂದೇ ದಿಕ್ಕಿಗೆ ತಳ್ಳುತ್ತವೆ. ಆ ಸುದ್ದಿ ಬಂದ ವಾರದಲ್ಲೂ, "ಅಷ್ಟು ಸಣ್ಣ ಆಗಬೇಕು ಅಂತ ಯಾರು ಹೇಳಿದ್ದು?" ಎಂದು ಜನ ಸತ್ತವಳನ್ನೇ ಕೇಳಿದರು. ಹೇಳಿದವರು ನಾವೆಲ್ಲ.

ಹಳೆಯ ಶಾಸ್ತ್ರಗಳನ್ನು ತೆರೆದರೆ ಈ ನಗೆಗೆ ಬಹಳ ಹಳೆಯ ಬೇರು ಸಿಗುತ್ತದೆ. ಭರತನ ನಾಟ್ಯಶಾಸ್ತ್ರ ಹಾಸ್ಯರಸದ ಕಾರಣಗಳನ್ನು ಎಣಿಸುವಾಗ ಹೊಂದದ ವೇಷ, ಅಸಂಬದ್ಧ ಮಾತುಗಳ ಜೊತೆಗೆ ಊನವಾದ ಅಂಗಗಳನ್ನು ನೋಡುವುದನ್ನೂ ಸೇರಿಸುತ್ತದೆ. ವಿದೂಷಕ ಹೇಗಿರಬೇಕು ಎಂಬಲ್ಲಿ ಕುಳ್ಳು, ಗೂನು, ಉಬ್ಬುಹಲ್ಲು, ಬೋಳುತಲೆ ಎಂದೇ ಲಕ್ಷಣ ಹೇಳುತ್ತದೆ. ಆದರೆ ಅದೇ ಗ್ರಂಥ ನಗೆಯನ್ನೂ ಆರು ಬಗೆಯಾಗಿ ವಿಂಗಡಿಸುತ್ತದೆ. ಸ್ಮಿತ, ಹಸಿತಗಳನ್ನು ಉತ್ತಮರಿಗೆ ಕೊಟ್ಟು, ಅಪಹಸಿತ, ಅತಿಹಸಿತಗಳನ್ನು ಕೆಳಗಿನ ದರ್ಜೆಯಲ್ಲಿ ಇಡುತ್ತದೆ. ನಗುವ ರೀತಿಯಿಂದ ನಗುವವನ ಯೋಗ್ಯತೆ ಗೊತ್ತಾಗುತ್ತದೆ ಎಂಬ ತಿಳಿವಳಿಕೆ ಆಗಲೇ ಇತ್ತು. ಗ್ರೀಸಿನ ಅರಿಸ್ಟಾಟಲ್ ಕೂಡ ಹಾಸ್ಯಕ್ಕೆ ವಸ್ತುವಾಗುವ ವಿಕಾರ ನೋವು ಕೊಡದಂಥದ್ದಾಗಿರಬೇಕು ಎಂದ. ಈ ಎಚ್ಚರವನ್ನು ನಾವು ಬಿಟ್ಟೆವು, ಪಟ್ಟಿಯನ್ನು ಉಳಿಸಿಕೊಂಡೆವು.

ಶಾಸ್ತ್ರ ಬೇಡ ಎನ್ನುವವರಿಗೆ ಚೌತಿಯ ಕಥೆ ಇದೆ. ಮನೆಮನೆಯಲ್ಲಿ ಹೇಳುವ ಕಥೆ. ಕಡುಬು ತಿಂದು ಇಲಿಯ ಮೇಲೆ ಹೊರಟ ಗಣಪ ಬಿದ್ದ, ಹೊಟ್ಟೆ ಬಿರಿಯಿತು, ಹಾವನ್ನೇ ಎತ್ತಿ ಬಿಗಿದುಕೊಂಡ. ಮೇಲಿದ್ದ ಚಂದ್ರ ನಕ್ಕ. ಗಣಪ ಶಪಿಸಿದ. ಆ ಶಾಪದ ಭಯ ಇಂದಿಗೂ ನಮಗಿದೆ. ಚೌತಿಯ ರಾತ್ರಿ ಆಕಾಶ ನೋಡುವುದಿಲ್ಲ, ಕಣ್ಣಿಗೆ ಬಿದ್ದರೆ ಶ್ಯಮಂತಕದ ಕಥೆ ಕೇಳುತ್ತೇವೆ. ಚಂದ್ರನನ್ನು ಯಾಕೆ ನೋಡಬಾರದು ಎಂದು ಮಕ್ಕಳು ಕೇಳಿದಾಗ ಅವನು ಏನು ತಪ್ಪು ಮಾಡಿದ ಎಂಬುದನ್ನು ಹಾರಿಸಿ, ಅಪವಾದ ಬರುತ್ತದೆ ಎಂದಷ್ಟೇ ಹೇಳುತ್ತೇವೆ. ತಪ್ಪು ಬಹಳ ಸರಳವಾದದ್ದು: ಬಿದ್ದ ದಪ್ಪ ಹೊಟ್ಟೆಯವನನ್ನು ಕಂಡು ಅವನು ನಕ್ಕ. ಆ ಹಬ್ಬದ ಪೆಂಡಾಲಿನ ಎದುರಿಗೇ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಸೀರೆ ಉಟ್ಟುಕೊಂಡು, ದಪ್ಪ ಹೆಂಡತಿಯ ಪಾತ್ರ ಮಾಡುವವರನ್ನು ನಾವು ಇಂದಿಗೂ ಕರೆಸುತ್ತೇವೆ.

ಕೆಂಗೇರಿಯಿಂದ ಬಂದವರು ಇಲ್ಲಿದ್ದೀರಿ. ನಿಮ್ಮ ಕಡೆಯ ಒಬ್ಬರ ವಿಚಾರ ಹೇಳಬೇಕು. ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಅಭಿಮಾನ್ ಸ್ಟುಡಿಯೋ ಎಂದೊಡನೆ ಎಲ್ಲರಿಗೂ ವಿಷ್ಣುವರ್ಧನ್ ನೆನಪಾಗುತ್ತಾರೆ. 2009ರ ಡಿಸೆಂಬರ್ 30ರಂದು ಅವರ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿ. ಆ ನೆಲದ ಬಗ್ಗೆ ಆಮೇಲೆ ನಡೆದ ಜಗಳಗಳೂ ನಿಮಗೆ ಗೊತ್ತು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಮುಂದೆ ಸರದಿ ನಿಲ್ಲುತ್ತಿದ್ದ ಕಾಲದಲ್ಲಿ, ಕನ್ನಡಕ್ಕೆ ತನ್ನದೇ ಒಂದು ಜಾಗ ಬೇಕೆಂದು ಹಂಬಲಿಸಿ, ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಅದನ್ನು ಕಟ್ಟಿದವರು ಟಿ. ಎನ್. ಬಾಲಕೃಷ್ಣ. ಅರಸೀಕೆರೆಯ ಕಡೆಯವರು, ಕಂಪನಿ ನಾಟಕಗಳಿಂದ ಬಂದವರು. 1943ರ 'ರಾಧಾರಮಣ'ದಿಂದ ಶುರುಮಾಡಿ 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದರು. ನಮ್ಮ ಬಾಲಣ್ಣ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರು ನಿಂತ ನಟರ ತುಟಿಯ ಚಲನೆಯನ್ನು ನೋಡುತ್ತ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು.

ಹಾಸ್ಯದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಹೊತ್ತು ಹಿಡಿಯುವುದು. ಎದುರಿನವರ ಮಾತು ಮುಗಿಯುವುದಕ್ಕೂ ನಮ್ಮ ಮಾತು ಬೀಳುವುದಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ತಪ್ಪಿದರೆ ನಗೆ ಸತ್ತುಹೋಗುತ್ತದೆ. ಕಿವಿ ಚೆನ್ನಾಗಿರುವ ನಟರಿಗೇ ಅದು ದಕ್ಕುವುದು ಅಪರೂಪ. ಬಾಲಕೃಷ್ಣ ಅದನ್ನು ಕಣ್ಣಿನಿಂದ ಸಾಧಿಸಿದರು. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ನೆನೆಸಿಕೊಳ್ಳಿ. ರಾಜ್‌ಕುಮಾರ್ ಎದುರು ಆ ಮಾತು ಎಲ್ಲಾದರೂ ತಡವರಿಸುತ್ತದೆಯೇ? ಜಿಪುಣ, ಕಪಟಿ, ಊರ ಯಜಮಾನ, ಬಾಯಿಬಡುಕ ಹೀಗೆ ಎಷ್ಟೋ ಪಾತ್ರಗಳನ್ನು ಅವರು ಮಾಡಿದರು. ಜನ ನಕ್ಕದ್ದು ಪಾತ್ರದ ದುರಾಸೆಗೆ, ಕುಟಿಲಕ್ಕೆ, ಹಳ್ಳಿಯ ಜಾಣತನಕ್ಕೆ.

ಈಗ ನಮ್ಮ ನಾಟಕಗಳ ಕಿವುಡ ಅಜ್ಜನನ್ನು ತನ್ನಿ. ಊರಿಗೆ ಹೊರಟಿರಾ ಎಂದರೆ ಬದನೆಕಾಯಿ ಎನ್ನುವ ಅಜ್ಜ. ಸಂತೆಯ ಕಥೆಗಳಿಂದ ಹಿಡಿದು ಟಿವಿಯ ನಗೆ ಕಾರ್ಯಕ್ರಮಗಳವರೆಗೆ ಅವನು ಸಾಯದೆ ಉಳಿದಿದ್ದಾನೆ. ಕಿವಿ ಕೇಳದವರು ಗಮನವಿಲ್ಲದವರು, ಬಾಯಿಗೆ ಬಂದದ್ದು ಹೇಳುವವರು ಎಂದು ಆ ಪಾತ್ರ ಹೇಳುತ್ತದೆ. ಬಾಲಕೃಷ್ಣ ಅವರ ಬದುಕು ಹೇಳುವುದು ಇದಕ್ಕೆ ಪೂರಾ ತಿರುಗುಮುರುಗು. ಕಿವಿ ಕೇಳದವರು ನಮಗಿಂತ ಹೆಚ್ಚು ಗಮನವಿಟ್ಟು ನೋಡುತ್ತಾರೆ. ನೋಡಲೇಬೇಕು, ಅವರಿಗೆ ಬೇರೆ ದಾರಿಯಿಲ್ಲ. ಐನೂರು ಚಿತ್ರಗಳ ಸಾಕ್ಷಿ ಕಣ್ಣೆದುರಿಗಿದ್ದರೂ ಕನ್ನಡದ ಹಾಸ್ಯಕ್ಕೆ ಬದನೆಕಾಯಿಯ ಅಜ್ಜನೇ ಬೇಕಾಯಿತು. ನಮ್ಮ ಚಿತ್ರರಂಗ ಬಾಲಣ್ಣನವರಿಗೆ ಹಾರ ಹಾಕಿತು, ಅವರಿಂದ ಕಲಿಯಬೇಕಾದ್ದನ್ನು ಕಲಿಯಲಿಲ್ಲ ಎಂದು ನಾನು ನೋವಿನಿಂದ ಹೇಳುತ್ತೇನೆ.

ನರಸಿಂಹರಾಜು ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. 1954ರ 'ಬೇಡರ ಕಣ್ಣಪ್ಪ'ದಿಂದ 1979ರಲ್ಲಿ ತೀರಿಕೊಳ್ಳುವವರೆಗೆ ಅವರ ಸಣಕಲು ಮೈಯನ್ನು ಎಷ್ಟೋ ಬರಹಗಾರರು ಆಡಿಕೊಂಡು ಬರೆದರು. ಅವರನ್ನು ಹಾಸ್ಯ ಚಕ್ರವರ್ತಿ ಮಾಡಿದ್ದು ಮಾತ್ರ ದನಿ, ಕಣ್ಣು ಮತ್ತು ಮಾತಿನ ಓಟ.

ನಟ ದ್ವಾರಕೀಶ್ ಅವರ ಸಂಗತಿ ಹೆಚ್ಚು ತೊಡಕಿನದು, ಅದನ್ನು ಬಿಡಿಸಿ ನೋಡಬೇಕು. 'ಕುಳ್ಳ ಏಜೆಂಟ್ 000', 'ಕಳ್ಳ ಕುಳ್ಳ', 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ', 'ಪ್ರಚಂಡ ಕುಳ್ಳ' ಹೀಗೆ ಎತ್ತರದ ಕೊರತೆಯನ್ನೇ ಅವರು ಹೆಸರುಪಟ್ಟಿಯ ಮೇಲೆ ಬರೆಸಿಕೊಂಡರು. ಕರ್ನಾಟಕದ ಕುಳ್ಳ ಎಂದು ಕರೆಸಿಕೊಂಡು, 2024ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಆ ಹೆಸರಿನಲ್ಲೇ ಬದುಕಿದರು. ಅವರೇ ಒಪ್ಪಿಕೊಂಡ ಮೇಲೆ ನಿಮ್ಮದೇನು ತಕರಾರು ಎಂದು ಕೇಳುವವರಿದ್ದಾರೆ. ತಕರಾರು ಇದು. ದ್ವಾರಕೀಶ್ ನಿರ್ಮಾಪಕರು. 1969ರಲ್ಲಿ 'ಮೇಯರ್ ಮುತ್ತಣ್ಣ' ತೆಗೆದವರು, 2004ರಲ್ಲಿ 'ಆಪ್ತಮಿತ್ರ' ಕೊಟ್ಟವರು. ನಾಯಕನಾರು, ಕಥೆಯೇನು, ಯಾವ ಮಾತಿಗೆ ಜನ ನಗಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಹಣ ಹಾಕುವವರು ಅವರೇ, ಆ ನಗೆಯ ಯಜಮಾನರೂ ಅವರೇ. ಆರನೇ ಕ್ಲಾಸಿನಲ್ಲಿ ಕೊನೆಯ ಬೆಂಚಿನವರು ಕುಳ್ಳ ಎಂದು ಹೆಸರಿಟ್ಟ ಹುಡುಗನ ಕೈಯಲ್ಲಿ ಏನಿರುತ್ತದೆ? ಅವನನ್ನು ಯಾರೂ ಕೇಳಿರುವುದಿಲ್ಲ. ಮೇಷ್ಟ್ರೂ ಹಾಜರಿ ಕೂಗುವಾಗ ಅದೇ ಹೆಸರನ್ನು ಬಳಸಿ ನಗುತ್ತಾರೆ. ತನ್ನ ಮೈಯ ಬಗ್ಗೆ ತಾನೇ ನಗಿಸುವ ಹಕ್ಕು ಆ ಮೈಯವರಿಗಿದೆ. ಅದನ್ನು ತೋರಿಸಿ ಮಿಕ್ಕವರು ರಹದಾರಿ ಪಡೆದುಕೊಳ್ಳುವಂತಿಲ್ಲ.

ಹಾಸ್ಯನಟ ಬುಲೆಟ್ ಪ್ರಕಾಶ್ ಅವರಿಗೆ ಈ ಯಜಮಾನಿಕೆ ಇರಲಿಲ್ಲ. ಬುಲೆಟ್ ಬೈಕಿನ ಮೋಹದಿಂದ ಬಂದ ಹೆಸರು. ಒಳ್ಳೆಯ ಮಾತುಗಾರ. ಆದರೆ ಅವರಿಗೆ ಬರೆದ ಸಾಲುಗಳನ್ನು ತೆಗೆದು ನೋಡಿ, ಎಷ್ಟೋ ಹೊಟ್ಟೆಯ ಸುತ್ತಲೇ ತಿರುಗುತ್ತವೆ. 2020ರ ಏಪ್ರಿಲ್ 6ರಂದು, 44ನೇ ವಯಸ್ಸಿನಲ್ಲಿ ಅವರು ಹೋದರು. ಹಿಂದಿ ಚಿತ್ರಗಳ ಹಾಸ್ಯನಟಿ ಟುನ್ ಟುನ್ ಅವರ ಸಂಗತಿಯೂ ಹೀಗೆಯೇ. ಉಮಾದೇವಿ ಎಂಬ ಹೆಸರಿನ ಆ ಗಾಯಕಿಯ ಹಾಡು 1947ರ 'ದರ್ದ್' ಚಿತ್ರದಿಂದ ದೇಶವೆಲ್ಲ ಮೊಳಗಿತ್ತು. ಹಾಡನ್ನು ಮರೆತ ನಮ್ಮ ಮನೆಗಳಲ್ಲಿ ದಪ್ಪಗಿರುವ ಹುಡುಗಿಯನ್ನು ಹಂಗಿಸಲು ಅವರ ಹೆಸರು ಉಳಿಯಿತು.

ಅಂಗವೈಕಲ್ಯ ಇರುವವರಿಗೆ ನಮ್ಮ ಸಿನಿಮಾ ಎರಡೇ ಜಾಗ ಕೊಟ್ಟಿದೆ. ಒಂದು ನಗೆ, ಇನ್ನೊಂದು ಕಣ್ಣೀರು. ತೊದಲುವ ಸೇವಕ, ಕುಂಟುವ ಖಳ, ಮೆಳ್ಳೆಗಣ್ಣಿನ ದಲ್ಲಾಳಿ ಒಂದು ಕಡೆ. ನಾಯಕನ ತ್ಯಾಗಕ್ಕೆ ಕಾರಣವಾಗುವ ಕಣ್ಣಿಲ್ಲದ ತಂಗಿ ಇನ್ನೊಂದು ಕಡೆ. ಕೊನೆಯ ರೀಲಿನಲ್ಲಿ ಕಣ್ಣು ಬರಲೇಬೇಕು, ಇಲ್ಲದಿದ್ದರೆ ಸಾಯಬೇಕು. ಬಾಡಿಗೆ ಕಟ್ಟಿಕೊಂಡು, ಅತ್ತೆಯ ಜೊತೆ ಜಗಳವಾಡಿಕೊಂಡು, ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ಇರುವ ಕುರುಡು ಗೃಹಸ್ಥನನ್ನು ಪರದೆಯ ಮೇಲೆ ಕಂಡ ನೆನಪು ನಿಮಗಿದೆಯೇ? 2011ರ ಜನಗಣತಿ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು 13 ಲಕ್ಷಕ್ಕೂ ಹೆಚ್ಚು ಎಂದು ಎಣಿಸಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಬೆಳೆಸಿದ ನಾಡು ಇದು. ಅಂಥ ಮಹನೀಯರಿಗೆ ಕೈಮುಗಿಯುತ್ತೇವೆ, ಸರಿ. ಮಹನೀಯರಲ್ಲದವರಿಗೆ ಏನು ಕೊಡುತ್ತೇವೆ? ನಮ್ಮ ಕೆ. ವೈ. ವೆಂಕಟೇಶ್ ಕುಬ್ಜದೇಹದ ಕ್ರೀಡಾಪಟು. 2021ರಲ್ಲಿ ಪದ್ಮಶ್ರೀ ಪಡೆಯಲು ಬಂದಾಗ ರಾಷ್ಟ್ರಪತಿಗಳು ವೇದಿಕೆಯಿಂದ ಕೆಳಗಿಳಿದು ಬಂದು ಪದಕ ತೊಡಿಸಿದರು. ಆ ದೃಶ್ಯ ಎಲ್ಲರ ಮನಸ್ಸು ಕರಗಿಸಿತು. ಪದಕ ಗೆಲ್ಲದ ಕುಬ್ಜದೇಹದ ಹೆಣ್ಣುಮಗಳು ವಿಜಯನಗರದ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳಲು ನಿಂತಾಗ ಸುತ್ತಲಿನವರು ಮೊಬೈಲ್ ತೆಗೆದು ಫೋಟೋ ಹೊಡೆಯದಿದ್ದರೆ, ಆಗ ಗೌರವ ಬಂತೆಂದು ನಾನು ಒಪ್ಪುತ್ತೇನೆ.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಂದಿನ ಕಾಯ್ದೆಯ 7 ಬಗೆಗಳನ್ನು 21ಕ್ಕೆ ಏರಿಸಿತು, ಕುಬ್ಜತೆಯೂ ಅದರಲ್ಲಿ ಸೇರಿತು. ಅದರ 92ನೇ ಕಲಂ ಬಹಳ ಜನಕ್ಕೆ ಗೊತ್ತಿಲ್ಲ. ಅಂಗವೈಕಲ್ಯ ಇರುವವರನ್ನು ಸಾರ್ವಜನಿಕರ ಕಣ್ಣೆದುರು ಅವಮಾನಿಸುವ ಉದ್ದೇಶದಿಂದ ಹೀಯಾಳಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಸೆರೆವಾಸ ಮತ್ತು ದಂಡ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. 'ಆಂಖ್ ಮಿಚೋಲಿ' ಎಂಬ ಹಿಂದಿ ಚಿತ್ರದ ವಿರುದ್ಧ ನಿಪುಣ್ ಮಲ್ಹೋತ್ರಾ ಎಂಬ ವಿಕಲಚೇತನರ ಹಕ್ಕುಗಳ ಹೋರಾಟಗಾರರು ತಂದ ಮೊಕದ್ದಮೆ ಅದು. ಅಂಗವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಗೆರೆ ಎಳೆಯಿತು. ಅವರನ್ನು ಕೇಳದೆ ಅವರ ಬಗ್ಗೆ ಚಿತ್ರಿಸಬೇಡಿ ಎಂದಿತು. ಮರುವರ್ಷ ಆಗಸ್ಟ್‌ನಲ್ಲಿ, ಅಂಗವೈಕಲ್ಯವನ್ನು ಲೇವಡಿ ಮಾಡಿದ ಹಾಸ್ಯಗಾರರು ತಮ್ಮ ಕಾರ್ಯಕ್ರಮಗಳಲ್ಲೇ ಕ್ಷಮೆ ಕೇಳಬೇಕೆಂದು ಸುಪ್ರೀಂ ಕೋರ್ಟು ಸೂಚಿಸಿತು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಕಾಯಿಲೆಯ ಮಕ್ಕಳ ಪರವಾದ ಸಂಸ್ಥೆ ತಂದ ಮೊಕದ್ದಮೆ ಅದು. ಆ ಕಾಯಿಲೆಯ ಒಂದು ಚುಚ್ಚುಮದ್ದಿಗೆ ಕೋಟಿಗಟ್ಟಲೆ ರೂಪಾಯಿ. ನಮ್ಮ ಬೆಂಗಳೂರಿನ ತಂದೆತಾಯಿಯರೂ ಅದಕ್ಕಾಗಿ ಊರೆಲ್ಲ ಕೈಚಾಚಿದ್ದಾರೆ.

ದಪ್ಪಗಿರುವವರಿಗೆ ಈ ದೇಶದಲ್ಲಿ ಇಂಥ ಕಾಯ್ದೆಯ ಆಸರೆ ಇಲ್ಲ. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲೇ ಎತ್ತರ, ತೂಕಗಳ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಕಾನೂನು ಮಾಡಿತು. ನಮ್ಮಲ್ಲಿ ಆ ಚರ್ಚೆ ಇನ್ನೂ ಶುರುವಾಗಬೇಕು.

ಜೈಲಿನ ಭಯದಿಂದ ಜನ ನಗೆ ತಿದ್ದಿಕೊಳ್ಳಲಿ ಎಂಬುದು ನನ್ನ ಆಸೆಯಲ್ಲ. ಹೆದರಿಸಿದರೆ ವೇದಿಕೆಯ ಮೇಲಿನ ಮಾತು ನಿಲ್ಲಬಹುದು, ಊಟದ ಸಾಲಿನ ಮಾತು ನಿಲ್ಲುವುದಿಲ್ಲ. "ಹಾಗಾದ್ರೆ ನಗೋದೇ ಬೇಡ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಗಬೇಕು. ಗುಬ್ಬಿ ವೀರಣ್ಣನವರು 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ನಾಡನ್ನೇ ನಗಿಸಿದರು. ಬೀಚಿಯವರ ತಿಂಮ ದೊಡ್ಡವರ ಸಣ್ಣತನಕ್ಕೆ ಕನ್ನಡಿ ಹಿಡಿದ. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರುಮಾಡಿ ಕನ್ನಡದ ಮಧ್ಯಮ ವರ್ಗಕ್ಕೆ ತನ್ನನ್ನು ತಾನೇ ನೋಡಿಕೊಂಡು ನಗುವುದನ್ನು ಕಲಿಸಿದರು. ಇಷ್ಟು ಆಸ್ತಿ ಇಟ್ಟುಕೊಂಡು ಹೊಟ್ಟೆಗೆ ದಿಂಬು ಕಟ್ಟುವುದು ಬರಹಗಾರನ ಸೋಮಾರಿತನ.

ಇನ್ನೊಂದು ಅಪಾಯವನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಹೀಯಾಳಿಸಿಕೊಂಡವರು ತಮಗಿಂತ ಕೆಳಗಿನವರೆಂದು ಕಂಡವರನ್ನು ಹೀಯಾಳಿಸಿ ಸಮಾಧಾನಪಡುವುದುಂಟು. ಅಷ್ಟಾವಕ್ರನ ಜನಪ್ರಿಯ ಕಥೆ ನಿಮಗೆ ಗೊತ್ತು. ಜನಕನ ಸಭೆ ಅವನ ಎಂಟು ಡೊಂಕುಗಳನ್ನು ಕಂಡು ನಕ್ಕಿತು. ಚರ್ಮ ನೋಡಿ ಬೆಲೆ ಕಟ್ಟುವ ನೀವೆಲ್ಲ ಚಮ್ಮಾರರು ಎಂದು ಅವನು ತಿರುಗಿ ನಕ್ಕ. ಎಷ್ಟು ಚೆನ್ನಾಗಿ ಹೇಳಿದ ಎಂದು ನಾವು ಹೊಗಳುತ್ತೇವೆ. ಸಮಗಾರ ಹರಳಯ್ಯನ ನಾಡಿನವರಾದ ನಮಗೆ ಆ ಉತ್ತರದಲ್ಲೂ ಒಂದು ಹೀಯಾಳಿಕೆ ಇದೆಯೆಂದು ಕಾಣಬೇಕಿತ್ತು. ಮೈಯ ಅವಮಾನಕ್ಕೆ ಅವನು ಕುಲದ ಅವಮಾನದಿಂದ ಉತ್ತರ ಕೊಟ್ಟ. ರಾಜ್ ಬಿ. ಶೆಟ್ಟಿಯವರ 2017ರ 'ಒಂದು ಮೊಟ್ಟೆಯ ಕಥೆ' ಇದನ್ನು ಬಹಳ ಪ್ರಾಮಾಣಿಕವಾಗಿ ತೋರಿಸಿದೆ. ಬೋಳುತಲೆಯ ಕಾರಣಕ್ಕೆ ಹೆಣ್ಣು ಸಿಗದೆ ನೊಂದ ಕನ್ನಡ ಮೇಷ್ಟ್ರು, ದಪ್ಪ ದೇಹದ ಹುಡುಗಿ ಎದುರಾದಾಗ ತಾನು ಯಾವ ಅಳತೆಗೋಲಿನಿಂದ ನೊಂದಿದ್ದನೋ ಅದೇ ಕೋಲನ್ನು ಅವಳ ಮುಂದೆ ಹಿಡಿಯುತ್ತಾನೆ. ಆ ಚಿತ್ರದಲ್ಲಿ ನಾವು ನಗುವುದು ಅವನ ತಲೆಗಲ್ಲ, ಅವನ ಕುರುಡು ಆಸೆಗೆ. ಮೈಯ ವಿಷಯವನ್ನೇ ಎತ್ತಿಕೊಂಡು ಸುಳ್ಳು ಹೇಳದೆ ನಗಿಸಬಹುದು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ.

ಕೊನೆಯದಾಗಿ ನಮ್ಮ ಬೀದಿಗಳ ಮಾತು. ವಿಜಯನಗರ, ರಾಜಾಜಿನಗರ, ಕೆಂಗೇರಿ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಬಿಳಿ ಕೋಲು ಹಿಡಿದವರಿಗೆಂದು ನೆಲದ ಮೇಲೆ ಉಬ್ಬುಗೆರೆಯ ಹಳದಿ ಹಾಸು ಇದೆ. ನಿಲ್ದಾಣದ ಗೇಟು ದಾಟಿದೊಡನೆ ಆ ಹಾಸು ಮುಗಿಯುತ್ತದೆ. ಮುಂದೆ ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು. ಇದಕ್ಕೂ ಹಾಸ್ಯಕ್ಕೂ ನೇರ ಸಂಬಂಧವಿದೆ. ಬೀದಿಗೆ ಬರಲಾಗದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದವರ ಪರಿಚಯವಾಗುವುದಿಲ್ಲ. ಪರಿಚಯವಿಲ್ಲದವರ ಬಗ್ಗೆ ವೇದಿಕೆಯ ಮೇಲೆ ಏನು ಸುಳ್ಳು ಹೇಳಿದರೂ ನಡೆಯುತ್ತದೆ. ಪಕ್ಕದ ಮೇಜಿನಲ್ಲಿ ದಿನವೂ ಕೂತು ಕೆಲಸ ಮಾಡುವ ಕಿವುಡ ಸಹೋದ್ಯೋಗಿ ಇದ್ದರೆ ಬದನೆಕಾಯಿಯ ಅಜ್ಜನನ್ನು ಕಂಡು ನಗು ಬರುವುದು ಕಷ್ಟ.

ಈ ಸಭೆಯಲ್ಲಿ ಗಣೇಶೋತ್ಸವ, ರಾಜ್ಯೋತ್ಸವ ನಡೆಸುವ ಸಂಘಗಳ ಪದಾಧಿಕಾರಿಗಳು ಇದ್ದೀರಿ, ಶಾಲೆಯ ಮೇಷ್ಟ್ರುಗಳಿದ್ದೀರಿ, ಛತ್ರ ನಡೆಸುವವರೂ ಇರಬಹುದು. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ನಗೆಹಬ್ಬಕ್ಕೆ ಕಲಾವಿದರನ್ನು ಕರೆಯುವಾಗ, ಮುಂಗಡ ಕೊಡುವ ಮೊದಲೇ, ಮೈಯ ಮೇಲಿನ ತಮಾಷೆ ನಮ್ಮ ವೇದಿಕೆಯಲ್ಲಿ ಬೇಡ ಎಂದು ಹೇಳಿ. ಒಳ್ಳೆಯ ಕಲಾವಿದರಿಗೆ ಅದರಿಂದ ಏನೂ ನಷ್ಟವಿಲ್ಲ. ತರಗತಿಯಲ್ಲಿ ಯಾವ ಮಗುವನ್ನೂ ಅದರ ಮೈಯ ಹೆಸರಿನಿಂದ ಕೂಗಬೇಡಿ, ಕೂಗಲು ಬಿಡಬೇಡಿ. ಊಟದ ಹಾಲು ಕೆಳಗಿದ್ದರೆ ಲಿಫ್ಟ್ ಹಾಕಿಸಿ, ಅದಾಗದಿದ್ದರೆ ಮೇಲೆಯೇ ಎಲ್ಲರಿಗೂ ಎಲೆ ಹಾಕಿ. ಮುಂದಿನ ನವೆಂಬರಿನಲ್ಲಿ ಪೆಂಡಾಲು ಕಟ್ಟುವಾಗ ಮೆಟ್ಟಿಲಿನ ಪಕ್ಕದಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರನ್ನೂ ಕಟ್ಟಿಸಿ, ಮತ್ತು ಅದನ್ನು ಹತ್ತಿ ಬಂದವರ ಕೈಗೆ ಮೈಕು ಕೊಡಿ.